ಪಕ್ಷೇತರ ರಾಷ್ಟ್ರಪತಿಯ ಎರಡು ರಾಜೀನಾಮೆಗಳು

ಪ್ರತಿ ಚುನಾವಣೆಯಲ್ಲೂ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಒಂದು ದೃಶ್ಯ ತಪ್ಪದೆ ಮರುಕಳಿಸುತ್ತದೆ. ಹಿಂದಿನ ರಾತ್ರಿಯವರೆಗೆ ಪಕ್ಷದ ಶಿಸ್ತಿನ ಸಿಪಾಯಿಯಾಗಿದ್ದವರು ಬಿ ಫಾರಂ ಕೈತಪ್ಪಿದೊಡನೆ ಬೆಂಬಲಿಗರ ಮೆರವಣಿಗೆಯಲ್ಲಿ ಬಂದು ಪಕ್ಷೇತರರಾಗಿ ನಾಮಪತ್ರ ಸಲ್ಲಿಸುತ್ತಾರೆ. ಸರ್ಕಾರಿ ಸೇವೆಯಲ್ಲಿದ್ದಾಗ ಚುನಾವಣಾಧಿಕಾರಿಯಾಗಿ ಇಂಥ ಹಲವು ನಾಮಪತ್ರಗಳನ್ನು ನಾನೂ ಸ್ವೀಕರಿಸಿದ್ದೇನೆ. ಅವರಲ್ಲಿ ಸ್ವಾಭಿಮಾನದ, ಆತ್ಮಸಾಕ್ಷಿಯ ಮಾತನಾಡದವರು ವಿರಳ. ಪಕ್ಷದ ಚೀಟಿ ಇಲ್ಲದೆ ಗೆದ್ದ ಮಾತ್ರಕ್ಕೆ ಒಬ್ಬ ರಾಜಕಾರಣಿ ಸ್ವತಂತ್ರನಾಗುವನೇ ಎಂಬ ಪ್ರಶ್ನೆ ಮೂಡಿದಾಗಲೆಲ್ಲ ನನಗೆ ನೆನಪಾಗುವುದು ವರಾಹಗಿರಿ ವೆಂಕಟ ಗಿರಿಯವರ ಬದುಕು. ಯಾವ ಪಕ್ಷದ ಅಧಿಕೃತ ಅಭ್ಯರ್ಥಿಯೂ ಆಗದೆ, ಪಕ್ಷೇತರರಾಗಿ ಕಣಕ್ಕಿಳಿದು ರಾಷ್ಟ್ರಪತಿಯಾದವರು ಅವರೊಬ್ಬರೇ. ಆ ಕಥೆಯ ಮುಖ್ಯ ಅಂಕ ನಡೆದದ್ದು ನಮ್ಮ ಬೆಂಗಳೂರಿನ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ.

ಗಿರಿಯವರು ಹುಟ್ಟಿದ್ದು 1894ರ ಆಗಸ್ಟ್ 10ರಂದು, ಅಂದಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ, ಇಂದು ಒಡಿಶಾದಲ್ಲಿರುವ ಬರ್ಹಂಪುರದ ತೆಲುಗು ಕುಟುಂಬದಲ್ಲಿ. ಕಾನೂನು ವ್ಯಾಸಂಗಕ್ಕೆಂದು 1913ರಲ್ಲಿ ಡಬ್ಲಿನ್‌ಗೆ ಹೋದ ತರುಣ ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರ ಪ್ರಭಾವಕ್ಕೆ ಒಳಗಾದರು. 1916ರ ಈಸ್ಟರ್ ದಂಗೆಯ ನಂತರ ಬ್ರಿಟಿಷರ ಸಂಶಯಕ್ಕೆ ಗುರಿಯಾಗಿ ಐರ್ಲೆಂಡ್ ತೊರೆಯಬೇಕಾಯಿತು. ಸ್ವದೇಶಕ್ಕೆ ಮರಳಿದ ಮೇಲೆ ಅವರ ಮನಸ್ಸು ಹರಿದದ್ದು ಕಾರ್ಮಿಕ ಸಂಘಟನೆಯತ್ತ. ಬಂಗಾಳ ನಾಗಪುರ ರೈಲ್ವೆಯ ನೌಕರರನ್ನು ಸಂಘಟಿಸಿದರು. ಅಖಿಲ ಭಾರತ ರೈಲ್ವೆ ಕಾರ್ಮಿಕರ ಒಕ್ಕೂಟವನ್ನು ಕಟ್ಟಿದವರಲ್ಲಿ ಒಬ್ಬರಾದರು. ಎಐಟಿಯುಸಿ ಅಧ್ಯಕ್ಷಸ್ಥಾನವನ್ನು ಎರಡು ಬಾರಿ ಅಲಂಕರಿಸಿದರು. ಮದ್ರಾಸ್ ಪ್ರಾಂತ್ಯದ ಚುನಾವಣೆಯಲ್ಲಿ ಬೊಬ್ಬಿಲಿಯ ರಾಜರನ್ನೇ ಸೋಲಿಸಿ, 1937ರಲ್ಲಿ ರಾಜಾಜಿ ಮಂತ್ರಿಮಂಡಲದಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡರು. 1952ರಲ್ಲಿ ನೆಹರೂ ಸಂಪುಟದಲ್ಲಿಯೂ ಅವರಿಗೆ ದೊರೆತದ್ದು ಅದೇ ಖಾತೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಗಿರಿಯವರ ಹೆಸರನ್ನು ಮೊದಲು ಗಂಭೀರವಾಗಿ ಓದಿದ್ದು ಈ ಕಾಲಘಟ್ಟದ ಸಂಬಂಧದಲ್ಲಿ. ಮಾಲೀಕ ಮತ್ತು ಕಾರ್ಮಿಕರ ನಡುವಿನ ವಿವಾದಗಳನ್ನು ಸರ್ಕಾರದ ಕಡ್ಡಾಯ ನ್ಯಾಯನಿರ್ಣಯಕ್ಕೆ ಒಪ್ಪಿಸುವುದಕ್ಕಿಂತ, ಇಬ್ಬರೂ ಸಮಾನರಾಗಿ ಕುಳಿತು ಮಾತುಕತೆಯಿಂದ ಬಗೆಹರಿಸಿಕೊಳ್ಳುವುದೇ ಲೇಸು ಎಂಬುದು ಅವರ ನಿಲುವಾಗಿತ್ತು. ಕಾರ್ಮಿಕ ಅರ್ಥಶಾಸ್ತ್ರದ ಪಠ್ಯಗಳಲ್ಲಿ ಇದು ಗಿರಿ ವಿಧಾನವೆಂದೇ ಹೆಸರಾಯಿತು. ಆದರೆ ಒಮ್ಮೆ ನ್ಯಾಯಮಂಡಳಿ ತೀರ್ಪು ನೀಡಿದ ಮೇಲೆ ಸರ್ಕಾರ ಅದನ್ನು ತನ್ನ ಅನುಕೂಲಕ್ಕೆ ತಕ್ಕಂತೆ ತಿದ್ದಬಾರದೆಂಬ ವಿಷಯದಲ್ಲಿ ಅವರು ಅಷ್ಟೇ ದೃಢವಾಗಿದ್ದರು. 1954ರಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿಯು ಬ್ಯಾಂಕ್ ನೌಕರರ ವೇತನದ ಬಗ್ಗೆ ನೀಡಿದ ತೀರ್ಪನ್ನು ಕೇಂದ್ರ ಸಂಪುಟವು ನೌಕರರಿಗೆ ನಷ್ಟವಾಗುವಂತೆ ಮಾರ್ಪಡಿಸಿದಾಗ ಗಿರಿಯವರು ಮಂತ್ರಿ ಪದವಿಗೆ ರಾಜೀನಾಮೆ ನೀಡಿದರು. ನೆಹರೂ ಅವರ ವರ್ಚಸ್ಸು ಉತ್ತುಂಗದಲ್ಲಿದ್ದ ದಿನಗಳವು. ಮುಂದಿನ ಹುದ್ದೆಯ ಭರವಸೆಯಾಗಲೀ, ಬೆನ್ನಿಗೊಂದು ಬಣವಾಗಲೀ ಇಲ್ಲದ ನಿರ್ಧಾರವದು. ಬಳಿಕ ಸರ್ಕಾರ ಆಯೋಗವೊಂದನ್ನು ನೇಮಿಸಬೇಕಾಯಿತು. 1955ರಲ್ಲಿ ಬಂದ ಅದರ ಶಿಫಾರಸುಗಳಿಂದ ನೌಕರರಿಗೆ ಕಳೆದುಕೊಂಡದ್ದರ ಬಹುಪಾಲು ಮರಳಿ ದೊರೆಯಿತು.

1957ರ ಲೋಕಸಭಾ ಚುನಾವಣೆಯಲ್ಲಿ ಅವರು ಪಾರ್ವತಿಪುರಂನಲ್ಲಿ ಸೋತರು. ಅದು ದ್ವಿಸದಸ್ಯ ಕ್ಷೇತ್ರ. ಪರಿಶಿಷ್ಟ ಪಂಗಡದ ಇಬ್ಬರು ಅಭ್ಯರ್ಥಿಗಳು ಹೆಚ್ಚು ಮತ ಪಡೆದು ಮೀಸಲು ಸ್ಥಾನವನ್ನಷ್ಟೇ ಅಲ್ಲದೆ ಸಾಮಾನ್ಯ ಸ್ಥಾನವನ್ನೂ ಗೆದ್ದರು. ಗಿರಿಯವರು ಸುಪ್ರೀಂ ಕೋರ್ಟ್‌ವರೆಗೆ ಹೋದರೂ ಫಲ ಸಿಗಲಿಲ್ಲ. ಆ ವೇಳೆಗಾಗಲೇ ರಾಜ್ಯಪಾಲರ ಹುದ್ದೆ ಅವರನ್ನು ಅರಸಿ ಬಂದಿತ್ತು. ಉತ್ತರ ಪ್ರದೇಶ, ಕೇರಳಗಳ ನಂತರ 1965ರಿಂದ 1967ರವರೆಗೆ ಅವರು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ಅಲ್ಲಿಂದ ನೇರವಾಗಿ ಉಪರಾಷ್ಟ್ರಪತಿ ಸ್ಥಾನಕ್ಕೆ ಏರಿದರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ನಿಧನರಾದಾಗ ಗಿರಿಯವರು ಹಂಗಾಮಿ ರಾಷ್ಟ್ರಪತಿಯಾದರು. ಉಪರಾಷ್ಟ್ರಪತಿಗೆ ಬಡ್ತಿ ನೀಡುವ ಪರಿಪಾಠ ಮುಂದುವರಿದೀತೆಂದು ಅವರು ನಿರೀಕ್ಷಿಸಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಜುಲೈನಲ್ಲಿ ಲಾಲ್‌ಬಾಗ್‌ನಲ್ಲಿ ಎಐಸಿಸಿ ಅಧಿವೇಶನ ಸೇರಿದಾಗ ಕಾಂಗ್ರೆಸ್ ಸಂಸದೀಯ ಮಂಡಳಿಯು ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಆಯ್ಕೆ ಮಾಡಿತು. ಪಕ್ಷದ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಆ ಬೆನ್ನಲ್ಲೇ ಗಿರಿಯವರು ಪಕ್ಷೇತರರಾಗಿ ಸ್ಪರ್ಧಿಸುವುದಾಗಿ ಸಾರಿದರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಿ, ಮರುದಿನವೇ ರಾಜೀನಾಮೆ ಸಲ್ಲಿಸಿದರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಆ ಪಟ್ಟಿಯಲ್ಲಿದ್ದವು. ಬ್ಯಾಂಕ್ ನೌಕರರಿಗಾಗಿ ಹಿಂದೊಮ್ಮೆ ಪದವಿ ತ್ಯಜಿಸಿದ್ದವರು ಈಗ ಬ್ಯಾಂಕುಗಳನ್ನೇ ಸರ್ಕಾರದ ವಶಕ್ಕೆ ಒಪ್ಪಿಸಿ ಹೊರನಡೆದಿದ್ದರು.

ಮುಂದಿನ ಒಂದು ತಿಂಗಳು ದೇಶ ಕಂಡದ್ದು ವಿಚಿತ್ರ ಸನ್ನಿವೇಶ. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಮಾಡಿದ್ದ ಪ್ರಧಾನಿಯೇ, ಕಾಂಗ್ರೆಸ್ ಸದಸ್ಯರು ಆತ್ಮಸಾಕ್ಷಿಯಂತೆ ಮತ ನೀಡಬೇಕೆಂದರು. ಅದರ ಒಳಾರ್ಥ ಯಾರಿಗೂ ಅಸ್ಪಷ್ಟವಾಗಿರಲಿಲ್ಲ. ಎಡಪಕ್ಷಗಳು ಮತ್ತು ಡಿಎಂಕೆ ಗಿರಿಯವರ ಬೆನ್ನಿಗೆ ನಿಂತವು. ಆಗಸ್ಟ್ 16ರಂದು ಮತದಾನ ನಡೆದು 20ರಂದು ಎಣಿಕೆಯಾದಾಗ, ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ನಿಗದಿತ ಪ್ರಮಾಣ ದಕ್ಕಲಿಲ್ಲ. ಮೂರನೆಯ ಸ್ಥಾನದಲ್ಲಿದ್ದ ಸಿ.ಡಿ. ದೇಶಮುಖರಿಗೆ ಮತ ನೀಡಿದವರ ಎರಡನೆಯ ಪ್ರಾಶಸ್ತ್ಯವನ್ನೂ ಎಣಿಸಿದ ಮೇಲೆ ಗಿರಿಯವರಿಗೆ 4,20,077 ಮತಮೌಲ್ಯ, ರೆಡ್ಡಿಯವರಿಗೆ 4,05,427. ನಾನಾಗ ಎಂಟು ವರ್ಷದ ಹುಡುಗ. ಮನೆಯ ಹಿರಿಯರು ರೇಡಿಯೊ ಸುತ್ತ ಕುಳಿತಿದ್ದುದು ನೆನಪಿದೆಯೇ ಹೊರತು ಅದರ ಮಹತ್ವ ಅರ್ಥವಾಗಿರಲಿಲ್ಲ. ಮೂರು ತಿಂಗಳೊಳಗೆ ಕಾಂಗ್ರೆಸ್ ಇಬ್ಭಾಗವಾಯಿತು. ಚುನಾವಣಾ ತಕರಾರು ಅರ್ಜಿಯ ವಿಚಾರಣೆಯಲ್ಲಿ ಗಿರಿಯವರು ರಾಷ್ಟ್ರಪತಿಯಾಗಿದ್ದುಕೊಂಡೇ ಖುದ್ದಾಗಿ ಸುಪ್ರೀಂ ಕೋರ್ಟಿನಲ್ಲಿ ಸಾಕ್ಷಿ ನುಡಿದದ್ದು ಅವರ ಘನತೆಗೆ ಸಾಕ್ಷಿ. ಆ ಅರ್ಜಿ 1970ರಲ್ಲಿ ವಜಾ ಆಯಿತು.

ಹೀಗೆ ಪಕ್ಷದ ಹಂಗಿಲ್ಲದೆ ಬಂದವರು ಆ ಪೀಠದಲ್ಲಿ ಎಷ್ಟು ಸ್ವತಂತ್ರರಾಗಿದ್ದರು? ಉತ್ತರ ಸುಖಕರವಲ್ಲ. 1970ರಲ್ಲಿ ಮಾಜಿ ಅರಸರ ಮಾನ್ಯತೆ ರದ್ದುಪಡಿಸುವ ಆದೇಶಕ್ಕೆ ಅವರು ಸಹಿ ಹಾಕಿದರು. ಅದನ್ನು ಸುಪ್ರೀಂ ಕೋರ್ಟ್ ಆ ವರ್ಷವೇ ತಳ್ಳಿಹಾಕಿತು. ಅದೇ ವರ್ಷ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಘೋಷಣೆಗೆ ಸೋವಿಯತ್ ಪ್ರವಾಸದಲ್ಲಿದ್ದಾಗ ಕೀವ್ ನಗರದಿಂದಲೇ ಸಹಿ ಮಾಡಿದರು. 1973ರಲ್ಲಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಕಡೆಗಣಿಸಿ ಮುಖ್ಯ ನ್ಯಾಯಮೂರ್ತಿಯ ನೇಮಕವಾದಾಗಲೂ ತಡೆ ಒಡ್ಡಲಿಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡುವುದು 1974ರ ಮೇ ತಿಂಗಳ ರೈಲ್ವೆ ಮುಷ್ಕರ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ನೇತೃತ್ವದ ಆ ಮುಷ್ಕರವನ್ನು ಸರ್ಕಾರ ಸಾವಿರಾರು ಬಂಧನಗಳಿಂದ ಮಣಿಸಿತು. ಫರ್ನಾಂಡಿಸ್ ಅಂದು ಅಧ್ಯಕ್ಷರಾಗಿದ್ದುದು ಗಿರಿಯವರು ಯೌವನದಲ್ಲಿ ಕಟ್ಟಲು ನೆರವಾಗಿದ್ದ ಒಕ್ಕೂಟಕ್ಕೇ.

ಅವರ ಪರವಾಗಿಯೂ ಹೇಳಬೇಕಾದದ್ದಿದೆ. ಮಂತ್ರಿಮಂಡಲದ ಸಲಹೆಯಂತೆ ನಡೆಯುವುದು ರಾಷ್ಟ್ರಪತಿಯ ಸಾಂವಿಧಾನಿಕ ಧರ್ಮ. ಕಡತಕ್ಕೆ ಸಹಿ ಹಾಕುವ ಮುನ್ನ ಭಿನ್ನಾಭಿಪ್ರಾಯ ದಾಖಲಿಸಿ, ಕೊನೆಗೆ ಸಹಿ ಹಾಕುವ ಅನಿವಾರ್ಯ ನನ್ನಂಥ ಅಧಿಕಾರಿಗಳಿಗೆ ಅಪರಿಚಿತವಲ್ಲ. ಆದರೆ ಎಚ್ಚರಿಸುವ, ಪ್ರಶ್ನಿಸುವ, ಕೊನೆಗೆ ಹೊರನಡೆಯುವ ಹಕ್ಕು ಯಾವ ಹುದ್ದೆಯಲ್ಲೂ ಇದ್ದೇ ಇರುತ್ತದೆ. 1954ರ ಗಿರಿಯವರಿಗೆ ಅದು ತಿಳಿದಿತ್ತು.

1974ರಲ್ಲಿ ನಿವೃತ್ತರಾಗಿ, 1975ರಲ್ಲಿ ಭಾರತರತ್ನಕ್ಕೆ ಪಾತ್ರರಾದ ಗಿರಿಯವರು 1980ರ ಜೂನ್ 24ರಂದು ಮದ್ರಾಸಿನಲ್ಲಿ ಕೊನೆಯುಸಿರೆಳೆದರು. ಜನ ನೆನೆಯುವುದು ಅವರ 1969ರ ರಾಜೀನಾಮೆಯನ್ನು. ಅದು ಅವರನ್ನು ದೇಶದ ಅತ್ಯುನ್ನತ ಪೀಠಕ್ಕೆ ಒಯ್ದಿತು. ನಾನು ಗೌರವಿಸುವುದು 1954ರ ರಾಜೀನಾಮೆಯನ್ನು. ಆಗ ಅವರ ಕೈಯಲ್ಲಿ ಪಕ್ಷದ ಚೀಟಿಯೂ ಇತ್ತು, ಮಂತ್ರಿ ಪದವಿಯೂ ಇತ್ತು. ಬಿ ಫಾರಂ ಸಿಗದಿದ್ದಾಗ ಎಚ್ಚರಗೊಳ್ಳುವ ಆತ್ಮಸಾಕ್ಷಿಯನ್ನು ನಾವು ಪ್ರತಿ ಚುನಾವಣೆಯಲ್ಲೂ ಕಾಣುತ್ತೇವೆ. ಅದು ಸಿಕ್ಕ ಮೇಲೂ ಎಚ್ಚರವಾಗಿರುವ ಆತ್ಮಸಾಕ್ಷಿಯನ್ನು ಹುಡುಕಿ ಮತ ನೀಡುವುದು ಮತದಾರರಾದ ನಮ್ಮ ಹೊಣೆ.