ಎಎಲ್‌ಪಿ ಹೆಚ್ಚಿದ್ದರೆ ಲಿವರ್ ಹಾಳಾಗಿದೆ ಎಂದೇ ಅರ್ಥವೇ? ಮೂಳೆ ಕಾಯಿಲೆಗೆ ಹೆಸರು ಕೊಟ್ಟ ಡಾ. ಪ್ಯಾಜೆಟ್ ಕಥೆ ಓದಿ

ರಕ್ತ ಪರೀಕ್ಷೆಯ ವರದಿಯಲ್ಲಿ ಎಎಲ್‌ಪಿ, ಅಂದರೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಸಾಲು ಇರುತ್ತದೆ. ಅದು ಮಿತಿ ದಾಟಿದರೆ ಲಿವರ್ ಹಾಳಾಗಿದೆ ಎಂದು ಅನೇಕರು ಗಾಬರಿಯಾಗುತ್ತಾರೆ. ಇದು ಅರ್ಧ ಸತ್ಯ. ಈ ಕಿಣ್ವ ಲಿವರ್‌ನಿಂದಲೂ ಬರುತ್ತದೆ, ಮೂಳೆಯಿಂದಲೂ ಬರುತ್ತದೆ. ಕೃಷ್ಣಾ ದಂಡೆಯ ತಿಂಥಣಿಯಲ್ಲಿ ಸೊಂಟ, ಕಾಲು ನೋವಿರುವ ಹಿರಿಯರ ಕೈಗೆ ಇಂಥ ವರದಿ ಬಂದರೆ ಮೂಳೆಯ ಬಗ್ಗೆಯೂ ಯೋಚಿಸಬೇಕು. ಏಕೆಂದು ತಿಳಿಯಲು ನಾವು ಜೇಮ್ಸ್ ಪ್ಯಾಜೆಟ್ ಎಂಬ ವೈದ್ಯರ ಬದುಕನ್ನು ನೋಡೋಣ.

ಪ್ಯಾಜೆಟ್ ಹುಟ್ಟಿದ್ದು 1814ರ ಜನವರಿ 11ರಂದು, ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಎಂಬ ಬಂದರು ಊರಿನಲ್ಲಿ. 1834ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಗೆ ಓದಲು ಸೇರಿದರು. ಮರುವರ್ಷವೇ ಶವ ಕೊಯ್ಯುವಾಗ ಸ್ನಾಯುವಿನಲ್ಲಿ ಸಣ್ಣ ಚುಕ್ಕೆಗಳನ್ನು ಕಂಡು, ಅವು ಹುಳುಗಳೆಂದು ಪತ್ತೆ ಮಾಡಿದರು. ಅದಕ್ಕೆ ಹೆಸರಿಟ್ಟ ಕೀರ್ತಿ ಮಾತ್ರ ರಿಚರ್ಡ್ ಓವನ್ ಎಂಬ ಹಿರಿಯ ವಿಜ್ಞಾನಿಗೆ ಹೋಯಿತು. ಅಪ್ಪನ ವ್ಯಾಪಾರ ಮುಳುಗಿತ್ತು. ಆ ಸಾಲವನ್ನು ಮಕ್ಕಳೇ ವರ್ಷಗಟ್ಟಲೆ ತೀರಿಸಿದರು. ಮುಂದೆ ಪ್ಯಾಜೆಟ್ ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯರಾದರು.

1856ರಲ್ಲಿ ಒಬ್ಬರು ಕಾಲು ನೋವೆಂದು ಅವರ ಬಳಿ ಬಂದರು. ಪ್ಯಾಜೆಟ್ ಆ ರೋಗಿಯನ್ನು 20 ವರ್ಷ ನೋಡಿದರು. ಕಾಲು ಬಿಲ್ಲಿನಂತೆ ಬಾಗಿತು, ಬೆನ್ನು ಗೂನಾಯಿತು, ಎತ್ತರ ತಗ್ಗಿತು. ತಲೆಯ ಮೂಳೆ ದಪ್ಪವಾಗಿ ಟೋಪಿಯ ಅಳತೆ ಸುಮಾರು 22 ಅಂಗುಲದಿಂದ 27ಕ್ಕೆ ಏರಿತು. (ನಮ್ಮ ಕಡೆಯ ರುಮಾಲಾಗಿದ್ದರೆ ಇಷ್ಟು ಬೇಗ ಗೊತ್ತಾಗುತ್ತಿರಲಿಲ್ಲವೇನೋ!) ಬುದ್ಧಿ ಮಾತ್ರ ಕೊನೆಯವರೆಗೂ ಚುರುಕಾಗಿಯೇ ಇತ್ತು. ರೋಗಿ ತೀರಿಕೊಂಡ 1876ರಲ್ಲೇ ಪ್ಯಾಜೆಟ್ ಈ ಕಾಯಿಲೆಯನ್ನು ವೈದ್ಯರ ಸಭೆಯ ಮುಂದಿಟ್ಟರು. ಸುರಪುರದ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬರು ತೀರಿಕೊಂಡ ವರ್ಷವೂ ಅದೇ.

ಪ್ಯಾಜೆಟ್ ಇದನ್ನು ಮೂಳೆಯ ಉರಿಯೂತ ಎಂದುಕೊಂಡಿದ್ದರು. ಅದು ತಪ್ಪಾಗಿತ್ತು. ಮೂಳೆಯಲ್ಲಿ ಹಳೆಯದನ್ನು ಕೆಡವುವ, ಹೊಸದನ್ನು ಕಟ್ಟುವ ಕೆಲಸ ಸದಾ ನಡೆದಿರುತ್ತದೆ. ಈ ಕಾಯಿಲೆಯಲ್ಲಿ ಎರಡೂ ಅವಸರದಲ್ಲಿ ನಡೆದು, ಮೂಳೆ ದಪ್ಪವಾದರೂ ಗಟ್ಟಿಯಾಗುವುದಿಲ್ಲ. ಪ್ಯಾಜೆಟ್ ಬಳಿ ಇದ್ದದ್ದು ಕಣ್ಣು, ಕೈ ಮತ್ತು ಅಳತೆ ಪಟ್ಟಿ. ಎಕ್ಸ್‌ರೇ ಬಂದದ್ದು 1895ರಲ್ಲಿ. ಅವರು 1899ರ ಡಿಸೆಂಬರ್ 30ರಂದು ತೀರಿಕೊಂಡರು.

30 ವರ್ಷಗಳ ನಂತರ, 1929ರಲ್ಲಿ, ಎಚ್. ಡಿ. ಕೇ ಎಂಬ ವಿಜ್ಞಾನಿ ಈ ರೋಗಿಗಳ ರಕ್ತದಲ್ಲಿ ಫಾಸ್ಫಟೇಸ್ ಬಹಳ ಹೆಚ್ಚಿರುವುದನ್ನು ತೋರಿಸಿದರು. ಮೂಳೆ ಕಟ್ಟುವ ಕೋಶಗಳಿಂದ ಬರುವ ಕಿಣ್ವ ಅದು. ಪ್ಯಾಜೆಟ್ 20 ವರ್ಷ ಕಾದು ಕಂಡದ್ದರ ಸುಳಿವು ಈಗ ಒಂದು ಸಿರಿಂಜ್ ರಕ್ತದಲ್ಲಿ ಸಿಗುತ್ತದೆ.

ಆದರೆ ಅದು ಸುಳಿವು ಮಾತ್ರ. ಬೆಳೆಯುವ ಮಕ್ಕಳಲ್ಲಿ, ಗರ್ಭಿಣಿಯರಲ್ಲಿ, ಮುರಿದ ಮೂಳೆ ಕೂಡುವಾಗ, ವಿಟಮಿನ್ ಡಿ ತೀರಾ ಕಡಿಮೆಯಾದಾಗಲೂ ಎಎಲ್‌ಪಿ ಏರುತ್ತದೆ. ಜೊತೆಗೆ ಜಿಜಿಟಿ ಪರೀಕ್ಷೆ ಮಾಡಿಸಿದರೆ ದಾರಿ ಸ್ವಲ್ಪ ಸ್ಪಷ್ಟವಾಗುತ್ತದೆ: ಅದೂ ಏರಿದ್ದರೆ ಲಿವರ್ ಕಡೆ, ಅದು ಸರಿಯಿದ್ದರೆ ಮೂಳೆ ಕಡೆ ಅನುಮಾನ. ಮೂಳೆ ಎಂದು ಖಚಿತಪಡಿಸಲು ಎಕ್ಸ್‌ರೇ ಬೇಕೇ ಬೇಕು.

ಪ್ಯಾಜೆಟ್ ಕಾಯಿಲೆ ಭಾರತದಲ್ಲಿ ಅಪರೂಪ. ಆದರೆ ಯಾದಗಿರಿ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ, ಎಎಲ್‌ಪಿ ಕೂಡ ಏರಬಹುದು. ಹಾಗಾಗಿ ಇಲ್ಲಿನವರು ಡಾಕ್ಟರಿಗೆ ವರದಿಯ ಜೊತೆ ಯಾವ ನೀರು ಕುಡಿಯುತ್ತೇವೆ ಎಂಬುದನ್ನೂ ಹೇಳಬೇಕು. ಅಂದಹಾಗೆ, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.