ಜೇಮ್ಸ್ ಡ್ಯೂವರ್ ಮತ್ತು ಅವನ ಪಾತ್ರೆ

ಇತಿಹಾಸದ ವಿದ್ಯಾರ್ಥಿಯಾದ ನಾನು ರಾಕೆಟ್ಟಿನ ಇಂಧನದ ಮಾತೆತ್ತಿದರೆ ಮಿತ್ರರು ನಗಬಹುದು. ಆದರೆ ಆ ಇಂಧನದ ಚರಿತ್ರೆ ನಾನು ದಿನವೂ ಕಾಫಿ ತರುವ ಫ್ಲಾಸ್ಕಿನೊಡನೆ ಬೆರೆತಿದೆ. ಅದನ್ನು ಕಂಡುಹಿಡಿದವನ ಹೆಸರು ಇತ್ತೀಚಿನವರೆಗೆ ನನಗೆ ತಿಳಿದಿರಲಿಲ್ಲವೆಂಬುದು ನಾಚಿಕೆಯ ಸಂಗತಿಯೇ ಸರಿ.

ಜೇಮ್ಸ್ ಡ್ಯೂವರ್ 1842ರಲ್ಲಿ ಸ್ಕಾಟ್ಲೆಂಡಿನ ಕಿಂಕಾರ್ಡಿನ್ ಎಂಬ ಊರಿನಲ್ಲಿ ಜನಿಸಿದನು. ಬಾಲ್ಯದಲ್ಲಿ ಒಮ್ಮೆ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದು ಬಹುಕಾಲ ಕಾಯಿಲೆಯಿಂದ ನರಳಿದನು. ಆ ದಿನಗಳಲ್ಲಿ ಪಿಟೀಲು ಮಾಡುವುದನ್ನು ಕಲಿತನು. ಪ್ರಯೋಗಶಾಲೆಯಲ್ಲಿ ತನಗಿದ್ದ ಕೈಚಳಕಕ್ಕೆ ಅದೇ ಮೂಲವೆಂದು ಮುಂದೆ ಅವನು ನಂಬಿದ್ದನು.

1877ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕನಾಗಿ, ಅನಿಲಗಳನ್ನು ದ್ರವವಾಗಿಸುವ ಕೆಲಸದಲ್ಲಿ ತೊಡಗಿದನು. ದ್ರವ ಆಮ್ಲಜನಕವು ಸೊನ್ನೆಗಿಂತ 183 ಡಿಗ್ರಿ ಕೆಳಗೇ ಕುದಿಯುತ್ತದೆ. ಸಾಮಾನ್ಯ ಪಾತ್ರೆಯಲ್ಲಿ ನೋಡನೋಡುತ್ತಿದ್ದಂತೆಯೇ ಆವಿಯಾಗುತ್ತದೆ. 1892ರಲ್ಲಿ ಡ್ಯೂವರ್ ಒಂದು ಗಾಜಿನ ಪಾತ್ರೆಯೊಳಗೆ ಇನ್ನೊಂದನ್ನು ಕೂಡಿಸಿ, ನಡುವಿನ ಗಾಳಿಯನ್ನು ಹೊರತೆಗೆದನು. ಆ ನಿರ್ವಾತವು ಹೊರಗಿನ ಶಾಖವನ್ನು ತಡೆಯಿತು. ಆಮೇಲೆ ಕೆಲಸ ಸುಗಮವಾಯಿತು. 1898ರಲ್ಲಿ ಜಲಜನಕ ದ್ರವವಾಯಿತು. 1899ರಲ್ಲಿ ಸೊನ್ನೆಗಿಂತ ಸುಮಾರು 259 ಡಿಗ್ರಿ ಕೆಳಗೆ ಹೆಪ್ಪುಗಟ್ಟಿತು.

ಈ ಜಯದ ಬೆಲೆ ಸಣ್ಣದಲ್ಲ. ಸ್ಫೋಟಗಳಲ್ಲಿ ಅವನ ಸಹಾಯಕರಾದ ಲೆನಾಕ್ಸ್ ಮತ್ತು ಹೀತ್ ಒಂದೊಂದು ಕಣ್ಣು ಕಳೆದುಕೊಂಡರು. ಪಾತ್ರೆಗೆ ಪೇಟೆಂಟ್ ಪಡೆಯದಿದ್ದುದರಿಂದ ಅದು ಥರ್ಮಾಸ್ ಎಂಬ ಹೆಸರಿನಲ್ಲಿ ಮಾರಾಟವಾಗಿ, ಲಾಭವೆಲ್ಲ ಪರರ ಪಾಲಾಯಿತು. ಇನ್ನೊಂದು ನಷ್ಟಕ್ಕೆ ಅವನ ಜಗಳಗಂಟ ಸ್ವಭಾವವೂ ಕಾರಣ. ಹೀಲಿಯಂ ಅನಿಲವನ್ನು ಚೆನ್ನಾಗಿ ಬಲ್ಲ ರಾಮ್ಸೆ ಅದೇ ಲಂಡನ್ನಿನಲ್ಲಿದ್ದನು, ಇಬ್ಬರಿಗೂ ಮಾತಿಲ್ಲ. 1908ರಲ್ಲಿ ಹೀಲಿಯಂ ಅನ್ನು ದ್ರವವಾಗಿಸಿದ ಕೀರ್ತಿ ಹಾಲೆಂಡಿನ ಕಾಮರ್ಲಿಂಗ್ ಓನೆಸನಿಗೆ ಸಂದಿತು. 1923ರಲ್ಲಿ ಡ್ಯೂವರ್ ತೀರಿಕೊಂಡನು. ನೊಬೆಲ್ ಬಹುಮಾನ ಅವನಿಗೆ ದೊರೆಯಲೇ ಇಲ್ಲ.

ಅವನು ದ್ರವವಾಗಿಸಿದ ಜಲಜನಕವೇ 1969ರಲ್ಲಿ ಮನುಷ್ಯನನ್ನು ಚಂದ್ರನೆಡೆಗೆ ಒಯ್ದ ರಾಕೆಟ್ಟಿನ ಮೇಲಿನ ಹಂತಗಳಲ್ಲಿ ಉರಿಯಿತು. 2014ರ ಜನವರಿಯಲ್ಲಿ, ನಮ್ಮವರೇ ನಿರ್ಮಿಸಿದ ಎಂಜಿನ್ನಿನಲ್ಲಿ ಅದೇ ಇಂಧನ ಉರಿದು ಜಿ.ಎಸ್.ಎಲ್.ವಿ. ಗೆದ್ದಿತು. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದಿಟ್ಟರು: ಇಂಧನವನ್ನು ಎಂಜಿನ್ನಿನೊಳಗೇ ಹೆಪ್ಪುಗಟ್ಟಿಸಿ, ಅದರ ಮೇಲೆ ಆಮ್ಲಜನಕವನ್ನು ಹಾಯಿಸಿ ಉರಿಸಿ ನೋಡಿದರು. ಘನ ಇಂಧನ, ಅನಿಲ ರೂಪದ ಆಮ್ಲಜನಕ ಎರಡೂ ಕೂಡಿದ ಈ ಬಗೆಗೆ ಹೈಬ್ರಿಡ್ ಎಂಜಿನ್ ಎಂದು ಹೆಸರು. ಇಂಥ ಚಳಿಯನ್ನು ಕಾಪಾಡುವ ವಿದ್ಯೆಗೆಲ್ಲ ಡ್ಯೂವರನ ಪಾತ್ರೆಯೇ ಮೊದಲ ಪಾಠ.

ಅವನ ಜೀವನದಿಂದ ನಾನು ಕಲಿತದ್ದು ಇಷ್ಟು: ಪ್ರತಿಭೆಯೊಂದಿಗೆ ಸ್ನೇಹವೂ ಇದ್ದಿದ್ದರೆ ಅವನು ಇನ್ನೂ ದೂರ ಹೋಗುತ್ತಿದ್ದನೇನೋ. ಈಗ ಫ್ಲಾಸ್ಕಿನ ಮುಚ್ಚಳ ತೆಗೆಯುವಾಗಲೆಲ್ಲ ಅವನೊಬ್ಬನ ನೆನಪಲ್ಲ, ಕಣ್ಣು ಕಳೆದುಕೊಂಡ ಆ ಇಬ್ಬರ ನೆನಪೂ ನನಗೆ ಬರುತ್ತದೆ.