ಗುಹೆಯ ಪ್ರತಿಕಾರ ಅಬೆ ಬ್ರೂಯ್

ಹೋದ ವರ್ಷದ ಬೇಸಗೆಯ ಬಿಡುವಿನಲ್ಲಿ ನಾನು ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿರುವ ವೆಜೇರ್ ನದಿಯ ಕಣಿವೆಯಲ್ಲಿ ನಾಲ್ಕು ದಿನ ತಂಗಿದ್ದೆ. ಆ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗ ಒತ್ತಾಯದಿಂದ ಕರೆದೊಯ್ದಿದ್ದ. ವೆಜೇರ್ ದೊಡ್ಡ ನದಿಯೇನೂ ಅಲ್ಲ. ದೊರ್ದೋನ್ಯ ಎಂಬ ಹಿರಿಯ ಹೊಳೆಯನ್ನು ಸೇರುವ ಒಂದು ಉಪನದಿ. ಅದರ ದಡದುದ್ದಕ್ಕೂ ಸುಣ್ಣಕಲ್ಲಿನ ಬಂಡೆಗಳು ಮಾಡು ಇಳಿಬಿಟ್ಟ ಮನೆಗಳಂತೆ ಮುಂದಕ್ಕೆ ಚಾಚಿಕೊಂಡಿವೆ. ಲೇಜೇಜಿ ಎಂಬ ಪುಟ್ಟ ಊರು ಅಂಥ ಒಂದು ಬಂಡೆಯ ಆಸರೆಯಲ್ಲೇ ಕುಳಿತಿದೆ. ಬಿಡುವಿಗೆಂದು ಬಂದ ಜನ ಹೊಳೆಯಲ್ಲಿ ಸಣ್ಣ ದೋಣಿಗಳನ್ನು ನಡೆಸುತ್ತಾರೆ, ಅಕ್ರೋಟಿನ ಮರಗಳ ನೆರಳಿನಲ್ಲಿ ಉಣ್ಣುತ್ತಾರೆ, ಸಂಜೆ ಗುಹೆಗಳನ್ನು ನೋಡಿ ಹೊರಡುತ್ತಾರೆ. ಈ ಕಣಿವೆಯ ಗುಹೆಗಳೂ ಕಲ್ಲಾಸರೆಗಳೂ 1979ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಮೂರನೆಯ ದಿನ ನಾವು ಫೋಂ ದ ಗೋಮ್ ಎಂಬ ಗುಹೆಯನ್ನು ಹೊಕ್ಕೆವು. ಒಮ್ಮೆಗೆ ಕೆಲವೇ ಜನರಿಗೆ ಪ್ರವೇಶ. ದಾರಿ ತೋರುವಾಕೆ ಕೈದೀಪವನ್ನು ಗೋಡೆಗೆ ಓರೆಯಾಗಿ ಹಿಡಿದಳು. ಅಲ್ಲಿಯವರೆಗೆ ಬರಿಯ ಕಲ್ಲಾಗಿದ್ದುದು ಎರಡು ಹಿಮಸಾರಂಗಗಳಾಗಿ ಮೈದೋರಿತು. ಒಂದು ತಲೆ ತಗ್ಗಿಸಿದೆ. ಇನ್ನೊಂದು ಬಾಗಿ ಅದರ ಹಣೆಯನ್ನು ನೆಕ್ಕುತ್ತಿದೆ. ದೀಪ ಸರಿದೊಡನೆ ಎಲ್ಲವೂ ಮತ್ತೆ ಕಲ್ಲು. ಮಾಸಿಹೋದ ಈ ಬರಹವನ್ನು ಮೊದಲು ಓದಿದ ಕಣ್ಣು ಯಾರದು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓಲೆಗರಿಯ ಪಾಠಗಳನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವುದೇ ಕಸುಬಾಗಿರುವವನಿಗೆ ಪ್ರತಿಕಾರನ ಮೇಲೆ ಒಂದು ಬಗೆಯ ಬಂಧುಭಾವ ಸಹಜ. ಹಾಗೆ ಹುಡುಕಿಕೊಂಡು ಹೋದಾಗ ದೊರೆತವರು ಅಬೆ ಆನ್ರಿ ಬ್ರೂಯ್. ಅಬೆ ಎಂಬುದು ಆ ನಾಡಿನಲ್ಲಿ ಕ್ರೈಸ್ತ ಪಾದ್ರಿಗಳಿಗೆ ಸಲ್ಲುವ ಗೌರವಪದ.

ಬ್ರೂಯ್ ಅವರು ಹುಟ್ಟಿದ್ದು 1877ರ ಫೆಬ್ರವರಿ 28ರಂದು, ನಾರ್ಮಂಡಿ ಪ್ರಾಂತದ ಮೊರ್ತಾಂ ಎಂಬಲ್ಲಿ. ತಂದೆ ನ್ಯಾಯಾಂಗದ ಅಧಿಕಾರಿ. ಬಾಲ್ಯದಿಂದಲೂ ಹುಡುಗನಿಗೆ ಕೀಟಗಳ ಮೇಲೆ, ಕಲ್ಲುಗಳ ಮೇಲೆ ಕಣ್ಣು. ಪಾದ್ರಿಯಾಗಲೆಂದು ಗುರುಮಠವನ್ನು ಸೇರಿದಾಗಲೂ ಆ ಚಪಲ ತಗ್ಗಲಿಲ್ಲ. 1897ರ ಬೇಸಗೆಯ ಬಿಡುವಿನಲ್ಲಿ ಸಹಪಾಠಿ ಬುಯಿಸೋನಿಯವರೊಡನೆ ಪ್ರವಾಸ ಹೊರಟು ಲೇಜೇಜಿಯನ್ನು ಮೊದಲ ಸಲ ಕಂಡರು. ಅವರಿಗೆ ಆಗ ಇಪ್ಪತ್ತು ವರ್ಷ. 1900ರಲ್ಲಿ ದೀಕ್ಷೆಯಾಯಿತು. ಆದರೆ ಧರ್ಮಾಧಿಕಾರಿಗಳು ಅವರನ್ನು ಯಾವುದೊಂದು ಊರಿನ ಚರ್ಚಿಗೂ ಕಟ್ಟಿಹಾಕದೆ ಸಂಶೋಧನೆಗೆ ಬಿಟ್ಟುಕೊಟ್ಟರು. ಅವರು ಸಾಯುವವರೆಗೆ ಪಾದ್ರಿಯಾಗಿಯೇ ಉಳಿದರು. ಜೊತೆಗೆ ಮನುಷ್ಯನ ಚರಿತ್ರೆ ಧರ್ಮಗ್ರಂಥದ ಲೆಕ್ಕಕ್ಕೆ ಸಿಕ್ಕದಷ್ಟು ಹಿಂದಕ್ಕೆ ಹೋಗುತ್ತದೆಂಬುದನ್ನು ಸಾಯುವವರೆಗೆ ಬೋಧಿಸಿದರು.

ಆ ಕಾಲದ ವಿದ್ವಲ್ಲೋಕದಲ್ಲಿ ಒಂದು ಹಳೆಯ ಅನ್ಯಾಯ ಹುದುಗಿತ್ತು. 1879ರಲ್ಲಿ ಸ್ಪೇನಿನ ಆಲ್ತಮೀರಾ ಗುಹೆಯಲ್ಲಿ ಸೌತುವೋಲಾ ಎಂಬ ಗೃಹಸ್ಥರ ಎಳೆಯ ಮಗಳು ಮರೀಯಾ ತಲೆಯೆತ್ತಿ ನೋಡಿ ಸೂರಿನ ಮೇಲಿನ ಕಾಡುಕೋಣಗಳನ್ನು ಕಂಡಿದ್ದಳು. ತಂದೆ ಅದನ್ನು ಮರುವರ್ಷ ಪುಸ್ತಕವಾಗಿ ಪ್ರಕಟಿಸಿದರು. ಪಂಡಿತರು ನಂಬಲಿಲ್ಲ. ಕಲ್ಲು ಕೆತ್ತಿ ಬದುಕಿದ ಕಾಡುಮನುಷ್ಯರಿಗೆ ಇಂಥ ಕಲೆ ಎಲ್ಲಿಂದ ಬರಬೇಕು ಎಂಬುದು ಅವರ ವಾದ. ಕೆಲವರು ಕಪಟವೆಂದೂ ಶಂಕಿಸಿದರು. ಸೌತುವೋಲಾ 1888ರಲ್ಲಿ ಅದೇ ಕಳಂಕವನ್ನು ಹೊತ್ತುಕೊಂಡು ಕಣ್ಮುಚ್ಚಿದರು. ಅವರನ್ನು ವಿರೋಧಿಸಿದವರಲ್ಲಿ ಫ್ರಾನ್ಸಿನ ಹಿರಿಯ ವಿದ್ವಾಂಸ ಕಾರ್ತಾಯಾಕ್ ಪ್ರಮುಖರು.

1901ರ ಸೆಪ್ಟೆಂಬರಿನಲ್ಲಿ ಬ್ರೂಯ್ ಮತ್ತೆ ವೆಜೇರ್ ಕಣಿವೆಗೆ ಬಂದರು. ಜೊತೆಯಲ್ಲಿ ಡಾಕ್ಟರ್ ಕಪಿತಾಂ ಹಾಗೂ ಲೇಜೇಜಿಯ ಶಾಲಾ ಉಪಾಧ್ಯಾಯ ಪೇರೊನಿ. 8ನೆಯ ತಾರೀಖು ಕೊಂಬರೆಲ್ ಗುಹೆಯಲ್ಲಿ ನೂರಾರು ಕೊರೆದ ಚಿತ್ರಗಳು. ನಾಲ್ಕೇ ದಿನಗಳ ತರುವಾಯ ಫೋಂ ದ ಗೋಮ್‌ನಲ್ಲಿ ಬಣ್ಣದ ಚಿತ್ರಗಳು. ಒಂದೇ ವಾರದಲ್ಲಿ ಎರಡು ಗುಹೆಗಳು ಸಾಕ್ಷಿ ನುಡಿದ ಮೇಲೆ ಸಂಶಯಕ್ಕೆ ಎಡೆಯಿರಲಿಲ್ಲ. ಮರುವರ್ಷ ಕಾರ್ತಾಯಾಕ್ ಲೇಖನವೊಂದನ್ನು ಬರೆದು ತಾವು ಮಾಡಿದ ತಪ್ಪನ್ನು ಜಗತ್ತಿನೆದುರು ಒಪ್ಪಿಕೊಂಡರು. ಶೀರ್ಷಿಕೆಯಲ್ಲಿಯೇ ತಪ್ಪೊಪ್ಪಿಗೆಯಿತ್ತು. ಐವತ್ತು ದಾಟಿದ, ಕೀರ್ತಿವಂತನಾದ ಪಂಡಿತನಿಗೆ ಅದು ಸಣ್ಣ ಕೆಲಸವಲ್ಲ.

ಅದೇ 1902ರಲ್ಲಿ ಹಿರಿಯ ಕಾರ್ತಾಯಾಕ್ ತರುಣ ಬ್ರೂಯ್ ಅವರನ್ನು ಕರೆದುಕೊಂಡು ಆಲ್ತಮೀರಾಕ್ಕೆ ಹೋದರು. ಅಲ್ಲಿಯ ಸೂರು ತಗ್ಗು. ಬ್ರೂಯ್ ನೆಲದ ಮೇಲೆ ಅಂಗಾತ ಮಲಗಿ ಮೇಣದಬತ್ತಿಯ ಬೆಳಕಿನಲ್ಲಿ ಆ ಕಾಡುಕೋಣಗಳನ್ನು ಒಂದೊಂದಾಗಿ ಪ್ರತಿ ಮಾಡತೊಡಗಿದರು. ಗುಹೆಯ ಥಂಡಿಯಲ್ಲಿ ನೀರಿನ ಬಣ್ಣ ಒಣಗದು. ಅದಕ್ಕಾಗಿ ಬಣ್ಣದ ಸೀಮೆಸುಣ್ಣದಂಥ ಕಡ್ಡಿಗಳನ್ನು ಹಿಡಿದು ಬಿಡಿಸುವುದನ್ನು ಕಲಿತುಕೊಂಡರು. ಆ ಚಿತ್ರಗಳ ಸಂಪುಟ 1906ರಲ್ಲಿ ಮೊನಾಕೋದ ದೊರೆಯ ನೆರವಿನಿಂದ ಹೊರಬಂದಿತು. ಅಲ್ಲಿಂದ ಮುಂದೆ ಅವರ ಬಾಳು ಗುಹೆಯಿಂದ ಗುಹೆಗೆ ಸಾಗಿತು. ಭೂಗರ್ಭದಲ್ಲಿ ತಾವು ಕಳೆದ ದಿನಗಳನ್ನು ಅವರೇ ಲೆಕ್ಕ ಹಾಕಿದಾಗ ಅದು ಏಳುನೂರನ್ನು ಮೀರಿತ್ತು.

ಪ್ರತಿ ಮಾಡುವುದು ಬರಿಯ ಕೈಕೆಲಸವಲ್ಲ. ಗೋಡೆಯ ಮೇಲೆ ಒಂದರ ಮೇಲೊಂದು ಬಿಡಿಸಿದ ನಾಲ್ಕಾರು ಪ್ರಾಣಿಗಳ ಗೆರೆಗಳಲ್ಲಿ ಯಾವುದು ಕುದುರೆಯದು, ಯಾವುದು ಕೋಣದ್ದು, ಯಾವುದು ಕಲ್ಲಿನ ಬಿರುಕು ಎಂದು ವಿಂಗಡಿಸುವುದೇ ಅರ್ಥೈಸುವ ಕೆಲಸ. ಅಕ್ಷರಗಳ ನಡುವೆ ತೆರಪಿಲ್ಲದ ಓಲೆಗರಿಯಲ್ಲಿ ಪದ ಬಿಡಿಸಿದಂತೆ. 1910ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಮಾನವ ಪ್ರಾಗ್ಜೀವ ಸಂಸ್ಥೆಯಲ್ಲಿ ಅವರು ಅಧ್ಯಾಪಕರಾದರು. 1912ರಲ್ಲಿ ಹಳೆಶಿಲಾಯುಗದ ಕೊನೆಯ ಘಟ್ಟವನ್ನು ವಿಭಾಗಿಸಿ ಅವರು ಮಂಡಿಸಿದ ಕ್ರಮ ಬಹುಕಾಲ ಆಧಾರವಾಗಿ ನಿಂತಿತು. 1929ರಲ್ಲಿ ಕೊಲೇಜ್ ದ ಫ್ರಾನ್ಸ್ ಪ್ರಾಗಿತಿಹಾಸಕ್ಕೆಂದೇ ಒಂದು ಪೀಠವನ್ನು ತೆರೆದು ಅವರನ್ನು ಅಲ್ಲಿ ಕೂರಿಸಿತು. 1931ರಲ್ಲಿ ಚೀನಾ ದೇಶದ ಜೌಕೌದಿಯನ್‌ಗೆ ಹೋಗಿಬಂದರು. 1940ರ ಸೆಪ್ಟೆಂಬರ್ 12ರಂದು, ಯುದ್ಧದಲ್ಲಿ ಸೋತು ದೇಶವೇ ತತ್ತರಿಸುತ್ತಿದ್ದಾಗ, ವೆಜೇರ್ ಕಣಿವೆಯ ನಾಲ್ವರು ಹುಡುಗರು ಲಾಸ್ಕೋ ಗುಹೆಯೊಳಗಿಳಿದರು. ಒಂಬತ್ತು ದಿನಗಳಲ್ಲಿ ಬ್ರೂಯ್ ಅಲ್ಲಿದ್ದರು. ಅವು ಪ್ರಾಚೀನವೇ ಎಂದು ಅವರು ಹೇಳಿದ ಮೇಲೆ ಇನ್ನೊಂದು ಆಲ್ತಮೀರಾ ಪ್ರಸಂಗಕ್ಕೆ ಅವಕಾಶವಾಗಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಪುಣ್ಯಚರಿತ್ರೆಯಾಗುತ್ತದೆ. ನಿಲ್ಲಿಸಲು ಮನಸ್ಸಾಗದು.

ಯುದ್ಧಕಾಲದಲ್ಲಿ ಬ್ರೂಯ್ ದಕ್ಷಿಣ ಆಫ್ರಿಕಾಕ್ಕೆ ಹೋದರು. ಯುದ್ಧ ಮುಗಿದ ಮೇಲೂ ಮರಳಿ ಹೋಗಿ ಅಲ್ಲಿಯ ಬಂಡೆಚಿತ್ರಗಳನ್ನು ಪ್ರತಿ ಮಾಡಿದರು. ಈಗಿನ ನಮೀಬಿಯಾದ ಬ್ರಾಂಡ್‌ಬರ್ಗ್ ಬೆಟ್ಟದಲ್ಲಿ ಅರ್ಧ ಮೈಗೆ ಬಿಳಿ ಬಳಿದ ಒಂದು ಆಕೃತಿಯಿದೆ. ಬ್ರೂಯ್ ಅದನ್ನು ಮೆಡಿಟರೇನಿಯನ್ ಕಡೆಯಿಂದ ಬಂದ ಬಿಳಿಯ ಹೆಂಗಸೆಂದು ನಿರ್ಧರಿಸಿದರು. 1955ರಲ್ಲಿ ಆ ಹೆಸರಿನಲ್ಲಿಯೇ ಗ್ರಂಥವನ್ನೂ ಹೊರತಂದರು. ಆದರೆ ಅದು ಹೆಂಗಸೂ ಅಲ್ಲ, ಪರದೇಶದ್ದೂ ಅಲ್ಲ, ಆ ಮಣ್ಣಿನ ಸಾನ್ ಜನರ ಪೂರ್ವಿಕರ ಕೃತಿ ಎಂದು ತರುವಾಯದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ವರ್ಣಭೇದ ಆಳುತ್ತಿದ್ದ ಆ ನಾಡಿನಲ್ಲಿ ಕರಿಯರಿಗೆ ಇಂಥ ಕಲೆ ಸಾಧ್ಯವಿಲ್ಲವೆಂಬ ನಂಬಿಕೆಗೆ ಬ್ರೂಯ್ ಅವರ ಮಾತು ಊರುಗೋಲಾಯಿತು.

ನನ್ನನ್ನು ಕಾಡಿದ್ದು ಈ ಸಂಗತಿ. ಕಾಡುಮನುಷ್ಯನಿಗೆ ಕಲೆಯೆಲ್ಲಿ ಎಂದ ಪಂಡಿತರನ್ನು ತರುಣ ಬ್ರೂಯ್ ತನ್ನ ಕಣ್ಣಿನ ಬಲದಿಂದ ಸೋಲಿಸಿದ್ದರು. ಎಪ್ಪತ್ತರ ಬ್ರೂಯ್ ಅದೇ ಪಂಡಿತರ ಪೀಠದಲ್ಲಿ ಕುಳಿತು ಅದೇ ಮಾತನ್ನು ಬೇರೊಂದು ಜನದ ವಿಷಯದಲ್ಲಿ ಆಡಿದರು. ಕಣ್ಣು ಅದೇ, ಕೈ ಅದೇ. ಆದರೆ ನೋಡುವ ಮೊದಲೇ ಮನಸ್ಸು ಓದಿ ಮುಗಿಸಿತ್ತು. 1961ರ ಆಗಸ್ಟ್ 14ರಂದು, 84ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಚಿತ್ರಕಲೆ ಸರಳ ಗೆರೆಯಿಂದ ಹಂತಹಂತವಾಗಿ ಬೆಳೆಯಿತೆಂಬ ಅವರ ಸಿದ್ಧಾಂತವೂ ಉಳಿಯಲಿಲ್ಲ. 1994ರಲ್ಲಿ ಬೆಳಕಿಗೆ ಬಂದ ಶೋವೆ ಗುಹೆಯಲ್ಲಿ ಸುಮಾರು 36,000 ವರ್ಷಗಳ ಹಿಂದೆಯೇ ಪ್ರೌಢಚಿತ್ರಗಳು ಮೂಡಿದ್ದವು. ಬ್ರೂಯ್ ಅವರಿಗೆ ಅದನ್ನು ನೋಡುವ ಯೋಗವಿರಲಿಲ್ಲ. ಆ ತಪ್ಪನ್ನು ಅವರ ಲೆಕ್ಕಕ್ಕೆ ಬರೆಯಲಾಗದು. ಬ್ರಾಂಡ್‌ಬರ್ಗಿನ ತಪ್ಪನ್ನು ಅಳಿಸಲೂ ಆಗದು.

ಈ ಬಾಳನ್ನು ಓದುತ್ತ ನನಗೊಂದು ಹಳೆಯ ತರಗತಿ ನೆನಪಾಯಿತು. ಹನ್ನೊಂದು ವರ್ಷಗಳ ಹಿಂದೆ ಹಳಗನ್ನಡ ಪದ್ಯವೊಂದರ ಪದಚ್ಛೇದವನ್ನು ನಾನು ಹಲಗೆಯ ಮೇಲೆ ಬರೆದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಅದನ್ನು ಬೇರೆ ಬಗೆಯಾಗಿ ಬಿಡಿಸಬಹುದಲ್ಲವೇ ಎಂದು ಕೇಳಿದಳು. ವ್ಯಾಕರಣ ಕಲಿತು ಬಾ ಎಂದು ನಾನು ಕೂರಿಸಿದೆ. ತರಗತಿ ನಕ್ಕಿತು. ಎರಡು ವರ್ಷ ಕಳೆದ ಮೇಲೆ ಒಂದು ಪರಿಷ್ಕೃತ ಆವೃತ್ತಿಯ ಅಡಿಟಿಪ್ಪಣಿಯಲ್ಲಿ ಅವಳ ಓದಿಗೇ ಆಧಾರವಾದ ಪಾಠಾಂತರ ಕಂಡಿತು. ಅಂದಿನಿಂದ ಪಾಠವನ್ನು ಸದ್ದಿಲ್ಲದೆ ತಿದ್ದಿಕೊಂಡೆ. ಅವಳಷ್ಟು ಹೊತ್ತಿಗೆ ಕಾಲೇಜು ಬಿಟ್ಟು ಹೋಗಿದ್ದಳು. ಎಂಟೊಂಬತ್ತು ವರ್ಷಗಳಿಂದ ಆ ಅರ್ಥವನ್ನು ನನ್ನದೆಂಬಂತೆ ಹೇಳಿಕೊಂಡು ಬಂದಿದ್ದೇನೆ.

ಲೇಜೇಜಿಯಲ್ಲಿ ಕಳೆದ ಕೊನೆಯ ಸಂಜೆ ನದಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ನನ್ನ ಮನಸ್ಸಿನಲ್ಲಿ ಬ್ರೂಯ್ ಅವರಿಗಿಂತ ಹೆಚ್ಚಾಗಿ ಸುಳಿದವರು ಕಾರ್ತಾಯಾಕ್. ಗುಹೆಯನ್ನು ಕಂಡುಹಿಡಿಯುವ ಭಾಗ್ಯ ಎಲ್ಲರಿಗೂ ಒದಗದು. ಆದರೆ ಅವರು ಮಾಡಿದ ಕೆಲಸಕ್ಕೆ ಬೇಕಾದುದು ಒಂದು ಹಾಳೆ, ಒಂದು ಲೇಖನಿ. ಈ ವರ್ಷವೂ ಆ ಕಾವ್ಯಭಾಗ ಪಠ್ಯದಲ್ಲಿದೆ. ಆ ಪದ್ಯ ಬಂದ ದಿನ ಪದಗಳನ್ನು ಬಿಡಿಸಿ ಬರೆದು, ಅದನ್ನು ಹಾಗೆ ಮೊದಲು ಓದಿದವರು ಯಾರೆಂಬುದನ್ನೂ, ಆ ದಿನ ನಾನು ಆಡಿದ ಮಾತನ್ನೂ ತರಗತಿಗೆ ಹೇಳಬೇಕೆಂದಿದ್ದೇನೆ. ಆ ಹುಡುಗಿ ಎಲ್ಲಿದ್ದಾಳೋ ತಿಳಿಯದು. ಭಾನುವಾರದ ಪುಟಗಳನ್ನು ಓದುವ ಅಭ್ಯಾಸ ಆಗಲೂ ಅವಳಿಗಿತ್ತು.